ಹಣ ಕೊಟ್ಟು ಥೀಮ್ ಕೊಳ್ಳುವ ಮುನ್ನ

ಅಭ್ಯಾಸ ಬೋಧನೆಯ ಪಾಠಯೋಜನೆಗಳನ್ನು ಬ್ಲಾಗಿಗೆ ಹಾಕುವ ಪ್ರಶಿಕ್ಷಣಾರ್ಥಿಗಳು ನನ್ನನ್ನು ಮೊದಲು ಕೇಳುವುದು, ಯಾವ ಪ್ರೀಮಿಯಂ ಥೀಮ್ ಕೊಳ್ಳಬೇಕು ಎಂದು. ಮಾರುವವರ ಮಾದರಿ ಪುಟದಲ್ಲಿ ಇಂಗ್ಲಿಷ್ ಬರಹ, ದೊಡ್ಡ ದೊಡ್ಡ ಚಿತ್ರಗಳು. ನಮ್ಮ ಪುಟದಲ್ಲಿರುವುದು ಕನ್ನಡ, ಅದರ ಜೊತೆಗೆ ಕೋಷ್ಟಕ. ಆದ್ದರಿಂದ ಆ ಅಂದವನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ. ಇಂಗ್ಲಿಷಿಗೆಂದು ಹೊಂದಿಸಿದ ಸಾಲಿನ ಅಂತರದಲ್ಲಿ ‘ರಾಷ್ಟ್ರ’, ‘ಸ್ವಾತಂತ್ರ್ಯ’ ಪದಗಳ ಒತ್ತುಗಳು ಕೆಳಸಾಲಿಗೆ ತಾಗುತ್ತವೆ. ಶೀರ್ಷಿಕೆಗಳಲ್ಲಿ ಕೆಲವೊಮ್ಮೆ ಕತ್ತರಿಸಿಯೇ ಹೋಗುತ್ತವೆ. ಓದುವವರು ಏಳನೆಯ ತರಗತಿಯ ಮಕ್ಕಳಾದರೆ ಇದು ಸಣ್ಣ ದೋಷವಲ್ಲ. ಅಕ್ಷರದ ಗಾತ್ರದ 1.6ರಿಂದ 1.8 ಪಟ್ಟು ಅಂತರ ನನಗೆ ಹಿತವೆನಿಸಿದೆ. ಈ ಅಂತರವನ್ನೂ ಫಾಂಟನ್ನೂ ಬದಲಿಸಲು ಥೀಮ್ ಬಿಡಬೇಕು. ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಉಚಿತವಾಗಿಯೇ ಸಿಗುತ್ತದೆ.

ಐದು ಅಂಕಣಗಳ ಪಾಠಯೋಜನೆಯನ್ನು ಮೊಬೈಲಿನಲ್ಲಿ ತೆರೆದು ನೋಡಿ. ಕೊನೆಯ ಮೌಲ್ಯಮಾಪನದ ಅಂಕಣ ಪರದೆಯಾಚೆ ಉಳಿದು, ಬೆರಳಿನಿಂದ ಸರಿಸಿದರೂ ಬಾರದಿದ್ದರೆ ಆ ಥೀಮ್ ಬೇಡ. ಅನೇಕ ಥೀಮ್‌ಗಳಿಗೆ ಉಚಿತ ಆವೃತ್ತಿಯೂ ಉಂಟು. ಅದರಲ್ಲಿ ನಿಮ್ಮದೇ ಒಂದು ಪಾಠ ಹಾಕಿ ಪರೀಕ್ಷಿಸಬಹುದು. ವರ್ಡ್‌ಪ್ರೆಸ್‌ನ ಉಚಿತ ಥೀಮ್‌ಗಳೇ ನಮ್ಮ ಕೆಲಸಕ್ಕೆ ಎಷ್ಟೋ ಸಲ ಸಾಕಾಗುತ್ತವೆ.

ಕೊಳ್ಳುವುದೇ ಆದರೆ ಲೈಸೆನ್ಸ್ ಎಷ್ಟು ತಾಣಗಳಿಗೆ, ಪರಿಷ್ಕರಣೆ ಎಷ್ಟು ಕಾಲ, ಪ್ರತಿವರ್ಷ ಮತ್ತೆ ಹಣ ಕಟ್ಟಬೇಕೇ ಎಂಬುದನ್ನು ಓದಿಕೊಳ್ಳಿ. ಬಿ.ಇಡ್. ಎರಡು ವರ್ಷಕ್ಕೆ ಮುಗಿಯುತ್ತದೆ. ತಾಣ ಕಾಲೇಜಿನದಾಗಿದ್ದರೆ ಖರೀದಿಯೂ ಕಾಲೇಜಿನ ಇಮೇಲಿನಲ್ಲೇ ಆಗಲಿ. ಇಲ್ಲವಾದರೆ ಮುಂದಿನ ಬ್ಯಾಚಿನವರು ಪಾಸ್‌ವರ್ಡಿಗಾಗಿ ಹಳೆಯ ವಿದ್ಯಾರ್ಥಿಯನ್ನು ಹುಡುಕಬೇಕಾಗುತ್ತದೆ.