ಒಂದು ಸಾಲು ತಿದ್ದುವ ಹೊಣೆ

ಆ್ಯಪ್‌ನಲ್ಲಿ ವಿಳಾಸ ಬದಲಿಸಿ 'ಸೇವ್' ಒತ್ತುತ್ತೇವೆ. ಆ್ಯಪ್‌ನ ಕೋಡ್ ಡೇಟಾಬೇಸ್‌ಗೆ ಹೋಗಿ, ಅಲ್ಲಿರುವ ಹಳೆಯ ವಿಳಾಸ ಅಳಿಸಿ ಹೊಸದನ್ನು ಬರೆಯುತ್ತದೆ. ಇದಕ್ಕೆ ಎಸ್‌ಕ್ಯೂಎಲ್ ಭಾಷೆಯಲ್ಲಿರುವ ಆದೇಶ 'ಅಪ್‌ಡೇಟ್'. ಐಬಿಎಂನ ಡೊನಾಲ್ಡ್ ಚೇಂಬರ್ಲಿನ್, ರೇಮಂಡ್ ಬಾಯ್ಸ್ ಈ ಭಾಷೆಯ ಮೊದಲ ರೂಪವನ್ನು 1974ರಲ್ಲಿ ಪ್ರಕಟಿಸಿದರು.

ಯಾವ ಟೇಬಲ್, ಏನು ಬದಲಾಗಬೇಕು, ಯಾವ ಸಾಲಿನಲ್ಲಿ ಎಂದು ಆದೇಶ ಹೇಳಬೇಕು. ಕೊನೆಯದನ್ನು ಹೇಳುವ 'ವೇರ್' ಭಾಗ ಬಿಟ್ಟುಹೋದರೆ ಡೇಟಾಬೇಸ್ ತಕರಾರು ಮಾಡುವುದಿಲ್ಲ. ಟೇಬಲ್‌ನಲ್ಲಿರುವ ಎಲ್ಲರಿಗೂ ಅದೇ ವಿಳಾಸ ಬರೆದುಬಿಡುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ 'ಸೇಫ್ ಅಪ್‌ಡೇಟ್ಸ್' ಎಂಬ ಕಾವಲು ಇರುವುದು ಇಂಥ ಆದೇಶವನ್ನು ತಡೆಯಲೆಂದೇ.

ಇದಕ್ಕಿಂತ ಸೂಕ್ಷ್ಮವಾದ, ಸುಲಭವಾಗಿ ಕಣ್ಣಿಗೆ ಬೀಳದ ಅಪಾಯ ಇನ್ನೊಂದಿದೆ. ಖಾತೆಯಲ್ಲಿ 1,000 ರೂಪಾಯಿ ಇದೆ ಎನ್ನಿ. ಒಂದೇ ಕ್ಷಣದಲ್ಲಿ ಎರಡು ಕಡೆಯಿಂದ ಹಣ ತೆಗೆಯುತ್ತಾರೆ. ಎರಡೂ ಕೋಡ್‌ಗಳು 1,000 ಎಂದೇ ಓದುತ್ತವೆ. ಒಂದು 300 ಕಳೆದು 700 ಎಂದು ಬರೆಯುತ್ತದೆ. ಮತ್ತೊಂದು 200 ಕಳೆದು 800 ಎಂದು ಅದರ ಮೇಲೆಯೇ ಬರೆಯುತ್ತದೆ. ಇರಬೇಕಾದದ್ದು 500. ಲೆಕ್ಕದಿಂದ 300 ರೂಪಾಯಿ ಮಾಯ, ಯಾವ ಎಚ್ಚರಿಕೆಯೂ ಇಲ್ಲ!

ಉತ್ತರ ಬಹಳ ಸರಳ: ಲೆಕ್ಕವನ್ನು ಡೇಟಾಬೇಸ್‌ಗೇ ಬಿಡಬೇಕು. '700 ಎಂದು ಬರೆ' ಎನ್ನುವ ಬದಲು 'ಈಗಿರುವುದರಲ್ಲಿ 300 ಕಳೆ' ಎನ್ನಬೇಕು, ಕಳೆಯುವಷ್ಟು ಹಣವಿದ್ದರೆ ಮಾತ್ರ ಎಂಬ ಷರತ್ತನ್ನೂ ಸೇರಿಸಬೇಕು. ಫಾರ್ಮ್ ತಿದ್ದುವಂಥ ಕಡೆ ಪ್ರತಿ ಸಾಲಿಗೂ ಆವೃತ್ತಿ ಸಂಖ್ಯೆ ಇಡುವ ರೂಢಿಯಿದೆ. ಓದಿದಾಗ 7 ಇದ್ದದ್ದು ಬರೆಯುವ ಹೊತ್ತಿಗೆ 8 ಆಗಿದ್ದರೆ, ನಡುವೆ ಬೇರೆ ಯಾರೋ ತಿದ್ದಿದ್ದಾರೆಂದು ಅರ್ಥ. ಕೋಡ್ ಅಲ್ಲೇ ನಿಲ್ಲುತ್ತದೆ.

ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಹಣ ಹೋಗುವಾಗ ಎರಡು ಸಾಲುಗಳು ಒಟ್ಟಿಗೇ ಬದಲಾಗಬೇಕು, ಇಲ್ಲವೇ ಎರಡೂ ಹಾಗೆಯೇ ಉಳಿಯಬೇಕು. ಈ 'ಟ್ರಾನ್ಸಾಕ್ಷನ್' ಕಲ್ಪನೆಗೆ ಗಟ್ಟಿ ಬುನಾದಿ ಹಾಕಿದ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಇಂದಿನ ಬ್ಯಾಂಕಿಂಗ್ ನಿಂತಿರುವುದೇ ಇದರ ಮೇಲೆ.

ತಿದ್ದಿದವರು ಯಾರೆಂಬುದೂ ಅಷ್ಟೇ ಮುಖ್ಯ. ಕರ್ನಾಟಕದ 'ಭೂಮಿ' ಯೋಜನೆಯಲ್ಲಿ ಪಹಣಿ ಕಂಪ್ಯೂಟರ್‌ಗೆ ಬಂದಾಗ, ಸಿಬ್ಬಂದಿ ಬೆರಳಚ್ಚು ಕೊಟ್ಟೇ ವ್ಯವಸ್ಥೆಯೊಳಗೆ ಹೋಗುವಂತೆ ಮಾಡಲಾಯಿತು. ಜಮೀನಿನ ಮ್ಯುಟೇಶನ್‌ಗೆ ಮೊದಲು ನೋಟಿಸ್ ಕೊಟ್ಟು, ತಕರಾರಿಗೆ ಕಾಲಾವಕಾಶ ಬಿಡುವ ಕ್ರಮವೂ ಇದೆ. ಒಂದು ಸಾಲು ಬದಲಾದರೆ ರೈತನ ಜಮೀನೇ ಕೈಬದಲಾದಂತೆ. ಇಷ್ಟು ಬಿಗಿ ಇರಲೇಬೇಕು.

ಕೋಡ್ ಬರೆಯುವ ಯುವಕ ಯುವತಿಯರು ಇಷ್ಟನ್ನಾದರೂ ಪಾಲಿಸಲಿ: ಅಪ್‌ಡೇಟ್ ಮಾಡುವ ಮೊದಲು ಅದೇ ಷರತ್ತು ಹಾಕಿ, ಸಾಲುಗಳನ್ನು ಓದಿ ತೋರಿಸುವ 'ಸೆಲೆಕ್ಟ್' ಆದೇಶ ಓಡಿಸಿ, ಎಷ್ಟು ಸಾಲು ಬರುತ್ತವೆಂದು ನೋಡಿ. ಬಳಕೆದಾರ ಟೈಪ್ ಮಾಡಿದ್ದನ್ನು ಆದೇಶದೊಳಗೆ ಅಂಟಿಸಬೇಡಿ, ಪ್ಯಾರಾಮೀಟರ್ ಆಗಿ ಬೇರೆಯೇ ಕಳಿಸಿ. ಹಣ, ಜಮೀನು, ಆರೋಗ್ಯದ ದಾಖಲೆಯಾದರೆ ಹಳೆಯ ಮೌಲ್ಯವನ್ನು ಹಿಸ್ಟರಿ ಟೇಬಲ್‌ನಲ್ಲಿ ಉಳಿಸಿಯೇ ಹೊಸದನ್ನು ಬರೆಯಿರಿ.