ಪರದೆಯ ಮೇಲೆ ನಡುಗುವ ಚಿತ್ರ

ಹಳೆಯ ವಿಡಿಯೋ ಆಟದ ಯಂತ್ರದಲ್ಲಿ ಚಿತ್ರವು ನಡುಗತೊಡಗಿದರೆ ಚಿತ್ರನಳಿಕೆಯೇ ಕೆಟ್ಟಿತೆಂದು ಗುಜರಿಗೆ ಹಾಕುವವರುಂಟು. ಇದು ಅವಸರದ ತೀರ್ಪೆಂದು ನಮ್ಮ ಮತ. ಚಿತ್ರವು ಮೇಲಕ್ಕೋ ಕೆಳಕ್ಕೋ ಉರುಳಿದರೆ ಕಿರಣದ ಇಳಿತಾಳ ತಪ್ಪಿದೆ. ಓರೆಯಾಗಿ ಹರಿದರೆ ಅಡ್ಡತಾಳ. ಅಂಚುಗಳು ಅಲೆಯಂತೆ ತೂಗಾಡಿದರೆ ನಾವು ಮೊದಲು ಶಂಕಿಸಬೇಕಾದುದು ವಿದ್ಯುತ್ತನ್ನು ಸಮಗೊಳಿಸುವ ಕೆಪಾಸಿಟರನ್ನು. ಅದರೊಳಗಿನ ದ್ರವವು ಶಾಖಕ್ಕೆ ಆರುತ್ತದೆ; ಉಷ್ಣತೆ 10 ಡಿಗ್ರಿ ಏರಿದರೆ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಬೇಸಗೆಯಾದರೋ 40 ಡಿಗ್ರಿ ದಾಟುವಂಥದು!

ಇನ್ನೊಂದು ಸ್ವಾರಸ್ಯವಿದೆ. ಇಂಥ ಯಂತ್ರವು ಸೆಕೆಂಡಿಗೆ ಸುಮಾರು 60 ಚಿತ್ರ ಬರೆಯುತ್ತದೆ. ಅಮೆರಿಕದ ವಿದ್ಯುತ್ತಿನ ಆವರ್ತನವೂ 60. ಅಲ್ಲಿ ಈ ಅಲೆ ಮೆಲ್ಲನೆ ತೆವಳುತ್ತದೆ. ನಮ್ಮದು 50, ಆದ್ದರಿಂದ ಅದೇ ದೋಷವು ಇಲ್ಲಿ ಬಿರುಸಾಗಿ ಕಂಪಿಸುತ್ತದೆ.

ಕೆಪಾಸಿಟರಿನ ಬೆಲೆ ಅಲ್ಪ. ಆದರೆ ಯಂತ್ರವನ್ನು ಆರಿಸಿದ ಮೇಲೂ ನಳಿಕೆಯು ಸಾವಿರಾರು ವೋಲ್ಟನ್ನು ಹಿಡಿದಿರಬಲ್ಲದು. ಬಲ್ಲವರಲ್ಲದೆ ಹಿಂಬದಿಯನ್ನು ಬಿಚ್ಚಕೂಡದು.