ಅಂತರ್ಜಾಲ ಬಾನುಲಿ: ಕೇಳುವ ಕಿವಿ ನಿಮ್ಮದು, ತೆರುವ ಕೈ ಯಾರದು?

ಬೇಕಾದ ಸಂಗೀತ ಊರಿನಲ್ಲಿ ಸಿಗದಿದ್ದರೆ ಕೇಳುಗ ಗಡಿ ದಾಟುತ್ತಾನೆ. ಐವತ್ತರ ದಶಕದ ಆರಂಭದಲ್ಲಿ ಕೇಂದ್ರ ವಾರ್ತಾ ಸಚಿವ ಬಿ.ವಿ. ಕೇಸ್ಕರ್ ಅವರ ನೀತಿಯಿಂದಾಗಿ ಆಕಾಶವಾಣಿಯಲ್ಲಿ ಚಿತ್ರಗೀತೆಗಳು ವಿರಳವಾದಾಗ, ಭಾರತದ ಮನೆಮನೆಗಳಲ್ಲಿ ರೇಡಿಯೊ ಮುಳ್ಳು ಸಿಲೋನಿನತ್ತ ಸರಿಯಿತು. ಅಮೀನ್ ಸಯಾನಿ ಅವರ ‘ಬಿನಾಕಾ ಗೀತಮಾಲಾ’ ಮನೆಮಾತಾದದ್ದು ಅಲ್ಲಿಂದಲೇ. ಹೀಗೆ ದೂರ ಸರಿದ ಕೇಳುಗರನ್ನು ಮರಳಿ ಸೆಳೆಯಲು 1957ರ ಅಕ್ಟೋಬರ್ 3ರಂದು ‘ವಿವಿಧ ಭಾರತಿ’ ಆರಂಭವಾಯಿತು.

ಇಂದು ಆ ಮುಳ್ಳಿನ ಜಾಗದಲ್ಲಿ ಅಂತರ್ಜಾಲವಿದೆ. ಮೊಬೈಲಿನ ತೆರೆಯನ್ನು ಬೆರಳಿನಿಂದ ಮುಟ್ಟಿದರೆ ಸಾಕು, ಧಾರವಾಡವೂ ಪ್ಯಾರಿಸ್ಸೂ ಒಂದೇ ದೂರದಲ್ಲಿವೆ. ಆದರೆ ಈ ಸಮೃದ್ಧಿ ಸ್ಥಿರವಾದುದಲ್ಲ. ಕಳೆದ ತಿಂಗಳು ಮೆಚ್ಚಿ ಕೇಳಿದ ಕೇಂದ್ರ ಈ ತಿಂಗಳು ಮೌನವಾಗಿರಬಹುದು. ಇಲ್ಲವೇ ಈ ಸೇವೆ ನಿಮ್ಮ ದೇಶದಲ್ಲಿ ಲಭ್ಯವಿಲ್ಲವೆಂಬ ಸಾಲು ಎದುರಾಗಬಹುದು. ಇದು ಬಹುತೇಕ ತಂತ್ರಜ್ಞಾನದ ದೋಷವಲ್ಲ. ಪ್ರತಿ ಹಾಡಿನ ಹಿಂದೆ ನಡೆಯುವ ಹಣದ ಲೆಕ್ಕಾಚಾರದ ಫಲ.

ಗೋಪುರವಿಲ್ಲದ ಬಾನುಲಿ

ಅಂತರ್ಜಾಲದಲ್ಲಿ ಬಾನುಲಿಯ ಪ್ರಯೋಗ ಅಮೆರಿಕದ ಕಾರ್ಲ್ ಮಾಲಮುಡ್ ಅವರ ‘ಇಂಟರ್ನೆಟ್ ಟಾಕ್ ರೇಡಿಯೊ’ ಮೂಲಕ 1993ರಲ್ಲಿ ಶುರುವಾಯಿತು. 1994ರ ನವೆಂಬರ್ 7ರಂದು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕೇಂದ್ರ ಡಬ್ಲ್ಯುಎಕ್ಸ್‌ವೈಸಿ ತನ್ನ ಎಫ್‌ಎಂ ಪ್ರಸಾರವನ್ನು ಅಂತರ್ಜಾಲಕ್ಕೂ ಹರಿಯಬಿಟ್ಟಿತು. 1995ರಲ್ಲಿ ‘ರಿಯಲ್ ಆಡಿಯೊ’ ತಂತ್ರಾಂಶ ಬಂದ ಬಳಿಕ, ಕಡತ ಪೂರ್ತಿ ಇಳಿಯುವವರೆಗೆ ಕಾಯದೆ, ಇಳಿಯುತ್ತಿರುವಾಗಲೇ ಕೇಳುವುದು ಸಾಮಾನ್ಯರಿಗೂ ಸಾಧ್ಯವಾಯಿತು.

ನಿಜವಾದ ತಿರುವು ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ‘ವಿನ್‌ಆ್ಯಂಪ್’ ರೂಪಿಸಿದ ನಲ್‌ಸಾಫ್ಟ್ ಸಂಸ್ಥೆಯ ‘ಶೌಟ್‌ಕಾಸ್ಟ್’ ಹಾಗೂ ಮುಕ್ತ ತಂತ್ರಾಂಶವಾದ ‘ಐಸ್‌ಕಾಸ್ಟ್’ ಬಂದವು. ಒಂದು ಕಂಪ್ಯೂಟರ್, ಒಂದಿಷ್ಟು ಎಂಪಿ3 ಹಾಡುಗಳು ಮತ್ತು ಸಂಪರ್ಕ ಇದ್ದವರೆಲ್ಲ ತಮ್ಮದೇ ಬಾನುಲಿ ಕೇಂದ್ರ ತೆರೆಯಬಹುದಾಯಿತು. ಗೋಪುರ ಬೇಡ, ತರಂಗಾಂತರದ ಹರಾಜು ಬೇಡ. ಜಾಹೀರಾತುದಾರರು ತಿರುಗಿಯೂ ನೋಡದಂಥ ಸಂಗೀತ ಪ್ರಕಾರಗಳಿಗೂ ಹೀಗೆ ಒಂದೊಂದು ಮನೆ ಸಿಕ್ಕಿತು.

ಕೇಳುಗರು ಹೆಚ್ಚಿದರೆ ಖರ್ಚೂ ಹೆಚ್ಚು

ಎಫ್‌ಎಂ ಗೋಪುರಕ್ಕೆ ನೂರು ಜನ ಕೇಳಿದರೂ ಒಂದೇ, ಲಕ್ಷ ಜನ ಕೇಳಿದರೂ ಒಂದೇ. ಒಮ್ಮೆ ಹೊರಟ ತರಂಗವನ್ನು ಎಷ್ಟು ರೇಡಿಯೊಗಳಾದರೂ ಹಿಡಿಯಬಹುದು. ಅಂತರ್ಜಾಲದ ರೀತಿ ಬೇರೆ. ಅಲ್ಲಿ ಪ್ರತಿಯೊಬ್ಬ ಕೇಳುಗನಿಗೂ ಸರ್ವರ್ ಪ್ರತ್ಯೇಕ ಪ್ರತಿಯನ್ನು ಕಳುಹಿಸಬೇಕು. ಸೆಕೆಂಡಿಗೆ 128 ಕಿಲೋಬಿಟ್ ಗುಣಮಟ್ಟದ ಪ್ರಸಾರವನ್ನು ಏಕಕಾಲಕ್ಕೆ 1000 ಜನ ಕೇಳಿದರೆ ಸೆಕೆಂಡಿಗೆ 128 ಮೆಗಾಬಿಟ್ ಹರಿಸಬೇಕಾಗುತ್ತದೆ. ಜನಪ್ರಿಯತೆಯೇ ಇಲ್ಲಿ ಖರ್ಚಿಗೆ ದಾರಿ.

ಈ ಖರ್ಚು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿದೆ. ಇಳಿಯದೆ ಉಳಿದದ್ದು ಎರಡನೆಯ ಖರ್ಚು, ಅಂದರೆ ರಾಯಲ್ಟಿ.

ಒಂದು ಹಾಡಿಗೆ ಎರಡು ಬಗೆಯ ಹಕ್ಕುಗಳಿವೆ. ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಮೊದಲನೆಯದು. ಧ್ವನಿಮುದ್ರಣದ ಹಕ್ಕು ಎರಡನೆಯದು. ಅಮೆರಿಕದಲ್ಲಿ ಸಾಮಾನ್ಯ ಎಎಂ ಮತ್ತು ಎಫ್‌ಎಂ ಕೇಂದ್ರಗಳು ಮೊದಲನೆಯದಕ್ಕೆ ಮಾತ್ರ ಹಣ ತೆರುತ್ತವೆ. ಹಾಡಿದ ಗಾಯಕರಿಗೂ ಧ್ವನಿಮುದ್ರಣ ಸಂಸ್ಥೆಗೂ ಅವು ಇಂದಿಗೂ ಏನನ್ನೂ ಕೊಡಬೇಕಿಲ್ಲ. ಅಂತರ್ಜಾಲ ಬಾನುಲಿ ಮಾತ್ರ ಎರಡಕ್ಕೂ ತೆರಬೇಕು.

ಒಂದು ಹಾಡಿಗೆ ಒಂದು ಸೆಂಟಿನ ಅಂಶ

2002ರ ಜೂನ್‌ನಲ್ಲಿ ಅಲ್ಲಿನ ಲೈಬ್ರೇರಿಯನ್ ಆಫ್ ಕಾಂಗ್ರೆಸ್ ಈ ಎರಡನೆಯ ಹಕ್ಕಿಗೆ ದರ ನಿಗದಿಪಡಿಸಿದರು: ಒಬ್ಬ ಕೇಳುಗ ಒಂದು ಹಾಡು ಕೇಳಿದರೆ 0.07 ಸೆಂಟ್. ನೋಡಲು ತೀರ ಅಲ್ಪ. ಆದರೆ ಗುಣಿಸಿ ನೋಡಿ. ಗಂಟೆಗೆ 15 ಹಾಡು ಪ್ರಸಾರ ಮಾಡುವ, ದಿನವಿಡೀ ಸರಾಸರಿ 1000 ಕೇಳುಗರಿರುವ ಕೇಂದ್ರಕ್ಕೆ ದಿನಕ್ಕೆ 3,60,000 ‘ಆಲಿಕೆ’ಗಳಾಗುತ್ತವೆ. ಅಂದರೆ ದಿನಕ್ಕೆ 252 ಡಾಲರ್, ವರ್ಷಕ್ಕೆ ಸುಮಾರು 92,000 ಡಾಲರ್. ಮನೆಯ ಮೂಲೆಯಲ್ಲಿ ಕುಳಿತು ಹವ್ಯಾಸಕ್ಕಾಗಿ ಪ್ರಸಾರ ನಡೆಸುವವರಿಗೆ ಇದು ಎಟುಕುವ ಮೊತ್ತವಲ್ಲ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರಸ್ಟಿ ಹಾಡ್ಜ್ ಅವರು 2000ದಲ್ಲಿ ಆರಂಭಿಸಿದ ‘ಸೋಮಾ ಎಫ್‌ಎಂ’ ಈ ದರಕ್ಕೆ ತತ್ತರಿಸಿ 2002ರಲ್ಲಿ ಪ್ರಸಾರ ನಿಲ್ಲಿಸಿತು. ಅದೇ ವರ್ಷದ ಕೊನೆಯಲ್ಲಿ ಅಮೆರಿಕದ ಸಂಸತ್ತು ಸಣ್ಣ ಪ್ರಸಾರಕರಿಗೆ ರಿಯಾಯಿತಿ ನೀಡುವ ಕಾಯ್ದೆ ತಂದ ಬಳಿಕವೇ ಅದು ಮರಳಿ ಬಂದದ್ದು.

ಜಗಳ ಅಲ್ಲಿಗೇ ಮುಗಿಯಲಿಲ್ಲ. 2007ರಲ್ಲಿ ಕಾಪಿರೈಟ್ ರಾಯಲ್ಟಿ ಮಂಡಳಿ ದರವನ್ನು ಹಂತಹಂತವಾಗಿ ಏರಿಸಿ 2010ಕ್ಕೆ 0.19 ಸೆಂಟ್ ಎಂದು ಘೋಷಿಸಿತು. ಮೇಲಿನ ಕೇಂದ್ರದ ವಾರ್ಷಿಕ ಲೆಕ್ಕ ಎರಡೂವರೆ ಲಕ್ಷ ಡಾಲರ್ ಸಮೀಪಕ್ಕೆ ಏರುತ್ತದೆ. ಪ್ರತಿಭಟನೆಯಾಗಿ 2007ರ ಜೂನ್ 26ರಂದು ಅನೇಕ ಕೇಂದ್ರಗಳು ‘ಮೌನದಿನ’ ಆಚರಿಸಿದವು. ಮತ್ತೆ ಮಾತುಕತೆ, ಮತ್ತೆ ರಿಯಾಯಿತಿ. ಸಣ್ಣ ಪ್ರಸಾರಕರಿಗಿದ್ದ ಆ ರಿಯಾಯಿತಿಯ ಅವಧಿ 2015ರ ಅಂತ್ಯಕ್ಕೆ ತೀರಿತು. ಸಾವಿರಾರು ಹವ್ಯಾಸಿ ಕೇಂದ್ರಗಳಿಗೆ ಆಸರೆಯಾಗಿದ್ದ ‘ಲೈವ್365’ 2016ರ ಜನವರಿಯಲ್ಲಿ ಬಾಗಿಲು ಮುಚ್ಚಿತು. ಹೊಸ ಒಡೆತನದಲ್ಲಿ ಅದು 2017ರಲ್ಲಿ ಮತ್ತೆ ತೆರೆಯಿತಾದರೂ ಮುಚ್ಚಿದಾಗ ಚದುರಿದ ಕೇಂದ್ರಗಳೆಲ್ಲ ಹಿಂದಿರುಗಲಿಲ್ಲ.

ಗಾಯಕರಿಗೆ ಹಣ ಸಲ್ಲಬಾರದೆಂದು ಇಲ್ಲಿ ಯಾರೂ ವಾದಿಸುವುದಿಲ್ಲ. ಗೋಪುರವಿರುವ ದೊಡ್ಡ ಕೇಂದ್ರಕ್ಕೆ ವಿನಾಯಿತಿ, ಗೋಪುರವಿಲ್ಲದ ಸಣ್ಣ ಕೇಂದ್ರಕ್ಕೆ ಹೊರೆ ಏಕೆಂಬುದೇ ಪ್ರಶ್ನೆ.

ಗಡಿಗಳು ಮರಳಿ ಬಂದ ಬಗೆ

ಹಕ್ಕುಗಳು ದೇಶದೇಶಕ್ಕೆ ಬೇರೆ. 2005ರಲ್ಲಿ ಆರಂಭವಾಗಿ ಮನೆಮಾತಾಗಿದ್ದ ‘ಪಂಡೋರಾ’ 2007ರ ಮೇ ತಿಂಗಳಲ್ಲಿ ಅಮೆರಿಕದ ಹೊರಗಿನ ಬಹುತೇಕ ಕೇಳುಗರಿಗೆ ಬಾಗಿಲು ಹಾಕಿದ್ದು ಇದೇ ಕಾರಣಕ್ಕೆ. ಭೂಗೋಳವನ್ನು ತಿರುಗಿಸುತ್ತ ಊರೂರಿನ ಬಾನುಲಿ ಕೇಳಿಸುವ ನೆದರ್ಲೆಂಡ್ಸ್‌ನ ‘ರೇಡಿಯೊ ಗಾರ್ಡನ್’ 2016ರಲ್ಲಿ ಜಗತ್ತನ್ನೇ ಬೆರಗುಗೊಳಿಸಿತು. ಆದರೆ 2022ರಿಂದ ಬ್ರಿಟನ್ನಿನ ಕೇಳುಗರಿಗೆ ಅದರಲ್ಲಿ ಬ್ರಿಟನ್ನಿನ ಕೇಂದ್ರಗಳಷ್ಟೇ ತೆರೆದುಕೊಳ್ಳತೊಡಗಿದವು.

ಭಾರತದ ಸ್ಥಿತಿಯೂ ಕುತೂಹಲಕಾರಿ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 31-ಡಿ ಕಲಮಿನ ಪ್ರಕಾರ ಬಾನುಲಿ ಕೇಂದ್ರ ಮುಂಚಿತವಾಗಿ ನೋಟಿಸ್ ನೀಡಿ, ನಿಗದಿತ ದರ ಕಟ್ಟಿ ಪ್ರಕಟಿತ ಹಾಡುಗಳನ್ನು ಪ್ರಸಾರ ಮಾಡಬಹುದು. ಈ ಅನುಕೂಲ ಅಂತರ್ಜಾಲದ ಸೇವೆಗೂ ಸಲ್ಲುತ್ತದೆಯೇ? ಟಿಪ್ಸ್ ಮತ್ತು ವಿಂಕ್ ಸಂಸ್ಥೆಗಳ ನಡುವಣ ಮೊಕದ್ದಮೆಯಲ್ಲಿ ಬಾಂಬೆ ಹೈಕೋರ್ಟ್ 2019ರಲ್ಲಿ ಇಲ್ಲವೆಂದಿತು. 2022ರಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ಆದ್ದರಿಂದ ಹುಬ್ಬಳ್ಳಿಯ ಹುಡುಗನೊಬ್ಬ ಕನ್ನಡ ಚಿತ್ರಗೀತೆಗಳ ಅಂತರ್ಜಾಲ ಕೇಂದ್ರವನ್ನು ಕಾನೂನುಬದ್ಧವಾಗಿ ತೆರೆಯಲು ಹೊರಟರೆ ಹಕ್ಕುದಾರರೊಡನೆ ತಾನೇ ಚೌಕಾಸಿ ಮಾಡಬೇಕು. ಅಮೆರಿಕದ ಸಣ್ಣ ಪ್ರಸಾರಕರಿಗೆ ದುಬಾರಿಯಾದರೂ ಒಂದು ನಿಗದಿತ ದರವಿದೆ. ಇಲ್ಲಿನವರಿಗೆ ಅದೂ ಇಲ್ಲ.

ಹಣ ಕಟ್ಟಿದ ಮಾತ್ರಕ್ಕೆ ಸೇವೆ ಉಳಿಯುತ್ತದೆಂದೂ ಹೇಳಲಾಗದು. ಉಪಗ್ರಹ ಬಾನುಲಿ ‘ವರ್ಲ್ಡ್‌ಸ್ಪೇಸ್’ ಕನ್ನಡಕ್ಕೆ ‘ಸ್ಪರ್ಶ’ ಎಂಬ ವಾಹಿನಿಯನ್ನೂ ಕರ್ನಾಟಕ ಸಂಗೀತಕ್ಕೆ ‘ಶ್ರುತಿ’ಯನ್ನೂ ಇಟ್ಟಿತ್ತು. ಮಾತೃಸಂಸ್ಥೆ ದಿವಾಳಿಯಾಗಿ 2009ರ ಡಿಸೆಂಬರ್ 31ಕ್ಕೆ ಭಾರತದ ಪ್ರಸಾರ ನಿಂತಿತು. ಚಂದಾದಾರರ ಮನೆಗಳಲ್ಲಿ ಉಪಕರಣಗಳಷ್ಟೇ ಉಳಿದವು.

ಎಲ್ಲಿಂದ ಆರಂಭಿಸಬೇಕು?

ಮೊದಲು ಮನೆಯಂಗಳ. ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ಆಕಾಶವಾಣಿಯ ಇನ್ನೂರಕ್ಕೂ ಹೆಚ್ಚು ಸೇವೆಗಳು ದೊರೆಯುತ್ತವೆ. ಶಾಸ್ತ್ರೀಯ ಸಂಗೀತಕ್ಕೆಂದೇ 2016ರ ಜನವರಿ 26ರಂದು ಆರಂಭವಾದ ‘ರಾಗಂ’ ವಾಹಿನಿಯನ್ನು ಹುಡುಕಿ ನೋಡಿ. ದುಬೈಯಲ್ಲೋ ಡಲ್ಲಾಸ್‌ನಲ್ಲೋ ಇರುವ ಕನ್ನಡಿಗರು ತವರಿನ ಕೇಂದ್ರವನ್ನು ಕೇಳಲು ಈಗ ಶಾರ್ಟ್‌ವೇವ್‌ನ ಗೊರಗೊರ ಸದ್ದಿನೊಡನೆ ಹೆಣಗಬೇಕಿಲ್ಲ.

ಹೊರಗೆ ಕಾಲಿಡುವವರು ಫ್ರಾನ್ಸ್ ಸಾರ್ವಜನಿಕ ಬಾನುಲಿಯ ‘ಫಿಪ್’ನಿಂದ ಆರಂಭಿಸಬಹುದು. 1971ರಿಂದ ನಡೆದುಬಂದಿರುವ ಈ ಕೇಂದ್ರದಲ್ಲಿ ಜಾಝ್ ಆದ ಮೇಲೆ ಆಫ್ರಿಕದ ಹಾಡು, ಅದರ ಬೆನ್ನಿಗೇ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಬರುವುದುಂಟು. ಸೋಮಾ ಎಫ್‌ಎಂನ ‘ಸಬರ್ಬ್ಸ್ ಆಫ್ ಗೋವಾ’ ವಾಹಿನಿಯಲ್ಲಿ ಭಾರತೀಯ ಛಾಯೆಯ ವಿದ್ಯುನ್ಮಾನ ಸಂಗೀತ ಕೇಳಿಸುತ್ತದೆ. ಪ್ರಸಾರದ ಕೊಂಡಿಯನ್ನು ‘ವಿಎಲ್‌ಸಿ’ಯಂಥ ಉಚಿತ ತಂತ್ರಾಂಶಕ್ಕೆ ಅಂಟಿಸಿದರೆ ಬೇರೆ ಆ್ಯಪ್ ಕೂಡ ಬೇಕಿಲ್ಲ.

ಡೇಟಾ ಖರ್ಚಿನ ಭಯ ಬೇಡ. 128 ಕಿಲೋಬಿಟ್ ಪ್ರಸಾರಕ್ಕೆ ಗಂಟೆಗೆ ಸುಮಾರು 58 ಎಂಬಿ ಸಾಕು. ದಿನಕ್ಕೆ ಮೂರು ಗಂಟೆ ಕೇಳಿದರೂ ತಿಂಗಳಿಗೆ ಐದು ಜಿಬಿ ಆಸುಪಾಸು.

ಆರಿಸುವವರು ಯಾರು?

ಬೇಕೆಂದ ಹಾಡು ಕೇಳಿಸುವ ಆ್ಯಪ್‌ಗಳು ಇರುವಾಗ ಈ ಬಾನುಲಿಯ ಗೊಡವೆ ಏಕೆಂದು ಕೇಳಬಹುದು. ಆ್ಯಪ್‌ಗಳು ನೀವು ಈಗಾಗಲೇ ಮೆಚ್ಚಿದ್ದನ್ನು ಆಧರಿಸಿ ಅದರಂಥದ್ದನ್ನೇ ಮತ್ತೆ ಮುಂದಿಡುತ್ತವೆ. ಒಳ್ಳೆಯ ಬಾನುಲಿಯಲ್ಲಿ ಸಂಗೀತ ಬಲ್ಲವರೊಬ್ಬರು ತಮಗೆ ಹಿಡಿಸಿದ್ದನ್ನು ನಿಮ್ಮ ಕಿವಿಗೆ ಹಾಕುತ್ತಾರೆ. ಹೆಸರೇ ಕೇಳಿರದ ಗಾಯಕಿಯ ಕಂಠಕ್ಕೆ ಕೈಯಲ್ಲಿನ ಕೆಲಸ ನಿಲ್ಲಿಸಿ ಕಿವಿಗೊಡುವ ಗಳಿಗೆ ಬರುವುದು ಹೆಚ್ಚಾಗಿ ಅಲ್ಲಿಯೇ.

ಆ ಗಳಿಗೆಗೆ ಬೆಲೆಯಿದೆ. ಸೋಮಾ ಎಫ್‌ಎಂ ಜಾಹೀರಾತು ಹಾಕದೆ ಎರಡು ದಶಕ ದಾಟಿ ನಡೆದುಬಂದಿರುವುದು ಕೇಳುಗರ ದೇಣಿಗೆಯಿಂದ. ಉಚಿತವಾಗಿ ಕೇಳುವುದು ತಪ್ಪಲ್ಲ. ಆದರೆ ಮೆಚ್ಚಿದ ಕೇಂದ್ರವೊಂದು ವರ್ಷಕ್ಕೊಮ್ಮೆ ನೆರವು ಕೇಳಿದಾಗ ಒಂದು ಸಿನಿಮಾ ಟಿಕೆಟ್ಟಿನಷ್ಟು ಹಣ ಕಳುಹಿಸಿದರೂ ಅದು ಲೆಕ್ಕಕ್ಕೆ ಬರುತ್ತದೆ. ಅಂದು ಸಿಲೋನಿನತ್ತ ಮುಳ್ಳು ತಿರುಗಿಸಿದ ಕೇಳುಗರು ಒಂದು ಸರ್ಕಾರದ ಮನಸ್ಸನ್ನೇ ಬದಲಿಸಿದರು. ಯಾವ ಬಾನುಲಿ ಉಳಿಯಬೇಕೆಂಬುದರಲ್ಲಿ ಇಂದಿನ ಕೇಳುಗರಿಗೂ ಅಷ್ಟಿಷ್ಟು ಪಾಲು ಇದ್ದೇ ಇದೆ.